ಸಕ್ಕರೆ ಪೊಟ್ಟಣದ ಮಗು

ಆ ಮನೆಯಲ್ಲಿ ಮೆಲ್ಲಗೆ ಮಾತಾಡಿ ಯಾರಿಗೂ ಅಭ್ಯಾಸವಿರಲಿಲ್ಲ. ಕೆಳಗೆ ಅಪ್ಪನ ತಗಡಿನ ಕೆಲಸದ ಅಂಗಡಿ, ಮೇಲೆ ಮನೆ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದರೆ ಸಂಜೆ ಮುಚ್ಚುವವರೆಗೂ ಸುತ್ತಿಗೆಯ ಏಟು ನಿಲ್ಲುತ್ತಿರಲಿಲ್ಲ. ಟ್ರಂಕು, ಡಬ್ಬ, ನೀರಿನ ತೊಟ್ಟಿ, ಸೂರಿನ ಮಳೆನೀರಿನ ದೋಣಿ, ಏನಾದರೊಂದು ಏಟು ತಿನ್ನುತ್ತಲೇ ಇರುತ್ತಿತ್ತು. ಉಪ್ಪಿನ ಡಬ್ಬಿ ಈ ಕಡೆ ತಳ್ಳು ಅನ್ನುವುದಕ್ಕೂ ದನಿ ಏರಿಸಬೇಕು. ಇಬ್ಬರು ಹೆಣ್ಣುಮಕ್ಕಳಲ್ಲಿ ಹಿರಿಯವಳು ಅದು ಹೇಗೋ ಆ ಗದ್ದಲದ ನಡುವೆಯೂ ತಣ್ಣಗೆ ಮಾತಾಡುವವಳಾಗಿ ಬೆಳೆದಳು. ಕಿರಿಯವಳು ಮಾತ್ರ ಅಪ್ಪನ ಗಂಟಲನ್ನೂ ಅಮ್ಮನ ಆತುರವನ್ನೂ ಒಟ್ಟಿಗೇ ಹೊತ್ತು ಬಂದಿದ್ದಳು. ಅವಳು ಶಾಲೆಯಿಂದ ಬರುತ್ತಿದ್ದಾಳೆ ಎಂಬುದು ಅವಳು ತಿರುವಿನಲ್ಲಿ ಕಾಣಿಸುವ ಮೊದಲೇ ಬೀದಿಗೆಲ್ಲ ತಿಳಿಯುತ್ತಿತ್ತು. ಹಾಗಾಗಿ ಬೀದಿಯವರು ಅವಳನ್ನು ಗುಡುಗು ಎಂದು ಕರೆದರು. ನರ್ಸಿಂಗ್ ಓದು ಮುಗಿಸಿ ಬಿಳಿ ಬಟ್ಟೆ ತೊಟ್ಟರೂ ಆ ಹೆಸರು ಬಿಡಲಿಲ್ಲ.

ಅಂಥ ಗುಡುಗಿಗೆ ಮೊದಲ ಕೆಲಸ ಸಿಕ್ಕಿದ್ದು, ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಯುವ ತೀವ್ರ ನಿಗಾ ಘಟಕದಲ್ಲಿ.

"ಅಲ್ಲಿ ಜೋರಾಗಿ ಉಸಿರು ಬಿಟ್ರೂ ಬೈತಾರಂತೆ," ಅಂದಳು ಅಮ್ಮ. "ನೀನು ಪಿಸುಗುಟ್ಟಿದ್ರೆ ನಾಲ್ಕು ಮನೆಗೆ ಕೇಳ್ಸುತ್ತೆ. ಅವ್ರು ನಿನ್ನನ್ನ ನೋಡಿ ತಗೊಂಡ್ರಾ, ನೋಡ್ದೆ ತಗೊಂಡ್ರಾ?"

"ನೋಡೇ ತಗೊಂಡಿದ್ದು ಕಣಮ್ಮ!" ಎಂದು ಗುಡುಗು ಕೂಗಿದ್ದಕ್ಕೆ ಕೆಳಗಿನಿಂದ ಅಪ್ಪ, "ಏನಾಯ್ತು ಮೇಲೆ?" ಎಂದು ಕೂಗಿದ.

ಅವಳು ಆ ಘಟಕವೇ ಬೇಕೆಂದು ಕೇಳಿಕೊಂಡಿದ್ದಳು. ಓದುವಾಗ ಕೆಲವು ದಿನ ಅಲ್ಲಿಗೆ ಕಳುಹಿಸಿದ್ದರು. ಅಲ್ಲೊಬ್ಬ ಹಿರಿಯ ನರ್ಸ್ ಕೂಸಿನ ಬಾಯಿಗೆ ಇಳಿಸಿದ್ದ ಸಣ್ಣ ಕೊಳವೆಗೆ ಹಾಲಿನ ಸಿರಿಂಜು ಸಿಕ್ಕಿಸಿ, ಅದನ್ನು ಎತ್ತಿ ಹಿಡಿದು ನಿಂತಿದ್ದಳು. ಒತ್ತಲಿಲ್ಲ, ಅಲುಗಾಡಿಸಲಿಲ್ಲ. ಹಾಲು ತನ್ನ ಭಾರಕ್ಕೆ ತಾನೇ ಇಳಿಯುವವರೆಗೂ ಕಾದಳು. ಹುಟ್ಟಿದಾಗಿನಿಂದ ಎಲ್ಲವನ್ನೂ ಧಡಧಡ ಮಾಡಿ ಮುಗಿಸಿದ್ದ ಗುಡುಗು ಅದನ್ನು ನೋಡುತ್ತ ನಿಂತವಳು ಊಟದ ಹೊತ್ತನ್ನೂ ಮರೆತಳು. ತನಗೂ ಹೀಗೆ ನಿಲ್ಲಲು ಬರಬೇಕು ಎಂಬ ಆಸೆ ಅಂದೇ ಹುಟ್ಟಿತ್ತು.

ಕೆಲಸಕ್ಕೆ ಸೇರುವ ಮುಂಚೆ ಘಟಕದ ಇನ್‌ಚಾರ್ಜ್ ಸಿಸ್ಟರ್ ಅವಳನ್ನು ಕರೆಸಿ ಮಾತಾಡಿದಳು. ಗಿಡ್ಡ ಹೆಂಗಸು, ಬಿಳಿಗೂದಲನ್ನು ಬಿಗಿಯಾಗಿ ಕಟ್ಟಿದವಳು. ಮಾತು ಎದುರಿಗಿದ್ದವರಿಗೆ ಮಾತ್ರ ಕೇಳುವಷ್ಟು.

"ಸೇರೋಕೆ ಇನ್ನೂ ಸ್ವಲ್ಪ ದಿನ ಇದೆ. ಅಷ್ಟರಲ್ಲಿ ಪುಸ್ತಕ ಓದ್ಕೋತೀಯ, ಅದು ನಂಗೊತ್ತು. ನಾನು ಹೇಳೋದು ಬೇರೆ. ನಿನ್ನ ಕೈಗೆ ನಿಧಾನ ಕಲಿಸು. ಪೆಟ್ಟಿಗೆ ಕಿಟಕಿ ತೆಗೆಯೋದು, ಮುಚ್ಚೋದು. ಹೊರಗಡೆ ಟಕ್ ಅಂದ್ರೆ ಒಳಗಿರೋ ಮಗುವಿಗೆ ಅದು ಸಿಡಿಲು. ಮತ್ತೆ ಈ ಗಂಟಲು..."

"ಕಮ್ಮಿ ಮಾಡ್ತೀನಿ ಸಿಸ್ಟರ್," ಎಂದಳು ಗುಡುಗು. ಕಾರಿಡಾರಿನಲ್ಲಿ ಹೋಗುತ್ತಿದ್ದ ಇಬ್ಬರು ತಿರುಗಿ ನೋಡಿದರು.

ಸಿಸ್ಟರ್ ನಗಲಿಲ್ಲ. ಆದರೆ ಅವಳ ಕಣ್ಣಂಚು ಸ್ವಲ್ಪ ಸುಕ್ಕಾಯಿತು.

ಮನೆಗೆ ಬಂದು ಅದನ್ನೆಲ್ಲ ಹೇಳಿದರೆ ಅಪ್ಪ ನಂಬಲಿಲ್ಲ. "ಬೆರಳು ತಾಗಿದ್ರೆ ಸಿಡಿಲಾ? ನಾನು ದಿನಾ ಸುತ್ತಿಗೆ ಹೊಡೀತೀನಿ, ನಂಗೇನಾಗಿದೆ?" ಎಂದ.

"ನೀನು ಹೊರಗಿರ್ತೀಯ ಅಪ್ಪ. ಒಳಗೆ ತಲೆ ಹಾಕು ನೋಡೋಣ."

ಅಂಗಡಿಯ ಮೂಲೆಯಲ್ಲಿ ಆಗಷ್ಟೇ ಮುಗಿದ ನೀರಿನ ತೊಟ್ಟಿಯೊಂದು ಬೋರಲಾಗಿತ್ತು. ಅಪ್ಪ ನಗುತ್ತ ಅದನ್ನು ಒಂದು ಬದಿ ಎತ್ತಿ ತಲೆ ತೂರಿಸಿದ. ಗುಡುಗು ಉಗುರಿನ ತುದಿಯಿಂದ ಹೊರಗೆ ಒಮ್ಮೆ ತಟ್ಟಿದಳು. ಅಪ್ಪ ಬೆಚ್ಚಿದ ರಭಸಕ್ಕೆ ತಲೆ ತೊಟ್ಟಿಗೆ ಬಡಿದು ಇನ್ನೊಂದು ಸದ್ದಾಯಿತು. ಹೊರಗೆ ಬಂದವನು ತಲೆ ಸವರಿಕೊಳ್ಳುತ್ತ ತೊಟ್ಟಿಯನ್ನು ಮತ್ತೊಮ್ಮೆ ಬಗ್ಗಿ ನೋಡಿದ. ಆಮೇಲೆ, "ಆ ಪೆಟ್ಟಿಗೆ ಎಷ್ಟಗಲ ಇರುತ್ತೆ ಹೇಳು," ಅಂದ.

ಅಪ್ಪ ಒಂದು ಹಳೆಯ ಟ್ರಂಕಿನ ಮೇಲ್ಭಾಗವನ್ನೂ ಮುಂಭಾಗವನ್ನೂ ಕತ್ತರಿಸಿ ತೆಗೆದು ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಕೂರಿಸಿದ. ಅದರಲ್ಲಿ ಕೈ ತೂರಿಸಲು ಎರಡು ದುಂಡು ಕಿಂಡಿ. ಕಿಂಡಿಗೆ ತಗಡಿನ ಪಟ್ಟಿಯ ಬಳೆ ತೊಡಿಸಿ, ಮಗಳ ಮುಂಗೈ ಕೊಯ್ಯದಂತೆ ಅಂಚನ್ನು ಒಳಕ್ಕೆ ಮಡಚಿ ಅರದಿಂದ ಉಜ್ಜಿದ. ಕಿಂಡಿಗಳಿಗೆ ಪುಟ್ಟ ಬಾಗಿಲು, ಬಾಗಿಲಿಗೆ ಕೊಂಡಿ. ಸದ್ದಾಗದಿರಲೆಂದು ಸೈಕಲ್ ಟ್ಯೂಬಿನ ತುಂಡು ಅಂಟಿಸಲು ಹೋದಾಗ ಗುಡುಗು ತಡೆದಳು. "ಬೇಡ ಅಪ್ಪ. ಸದ್ದು ಆಗೋ ಹಾಗೇ ಇರಲಿ. ಆಗದ ಹಾಗೆ ಮುಚ್ಚೋದನ್ನ ನಾನು ಕಲೀಬೇಕು."

ಮಗು ಬೇಕಲ್ಲ? ಅಮ್ಮ ಒಂದು ಕಿಲೋ ಸಕ್ಕರೆಯ ಪೊಟ್ಟಣ ತಂದು ಹಳೆಯ ಮೆತ್ತನೆ ಸೀರೆಯ ತುಂಡಿನಲ್ಲಿ ಸುತ್ತಿದಳು. "ಇಷ್ಟೇ ಇರುತ್ತಾ ತೂಕ?"

"ಇದಕ್ಕಿಂತ ಕಮ್ಮಿ ಇರೋವೂ ಇರ್ತಾವೆ."

ಅಮ್ಮ ಪೊಟ್ಟಣವನ್ನು ಅಂಗೈ ಮೇಲಿಟ್ಟುಕೊಂಡು ನೋಡಿದಳು. ಬಾಯಿಗೆ ಬಂದಿದ್ದ ತಮಾಷೆಯನ್ನು ನುಂಗಿಕೊಂಡು, ಕಾಲುಚೀಲದ ತುದಿ ಕತ್ತರಿಸಿ ಅದಕ್ಕೊಂದು ಟೋಪಿ ಮಾಡಿದಳು.

ಅಂದಿನಿಂದ ಗುಡುಗು ಅಂಗಡಿಯ ಹಿಂಬದಿಯ ಬೆಂಚಿನ ಮೇಲೆ ಅಭ್ಯಾಸಕ್ಕೆ ಕೂತಳು. ಮೊಣಕೈವರೆಗೆ ತೊಳೆದ ಕೈಗಳನ್ನು ಕಿಂಡಿಗಳಲ್ಲಿ ತೂರಿಸಿ ಕರವಸ್ತ್ರದ ಲಂಗೋಟಿ ಬದಲಿಸುವುದು. ವೈರು, ಕೊಳವೆ ಎಂದುಕೊಂಡು ಪೊಟ್ಟಣಕ್ಕೆ ಅಂಟಿಸಿದ್ದ ದಾರಗಳು ಜಗ್ಗದಂತೆ ಅದನ್ನು ಮಗ್ಗುಲಿಗೆ ಹೊರಳಿಸುವುದು. ಬಾಗಿಲ ಕೊಂಡಿಯನ್ನು ಬೆರಳಿನಲ್ಲಿ ಒತ್ತಿ ಹಿಡಿದು, ಮುಚ್ಚಿದ ಮೇಲೆ ಬೆರಳು ಬಿಡುವುದು. ಮೊದಮೊದಲು ಟಕ್ ಅನ್ನದೆ ಒಂದು ಸಲವೂ ಮುಚ್ಚಲಿಲ್ಲ. ಒಂದು ಸಲವಂತೂ ದಾರ ಬೆರಳಿಗೆ ಸುತ್ತಿಕೊಂಡು, ಪೊಟ್ಟಣ ಹರಿದು, ಸಕ್ಕರೆಯೆಲ್ಲ ಪೆಟ್ಟಿಗೆ ತುಂಬ ಚೆಲ್ಲಿತು. "ಮಗು ಸೋರ್ತಾ ಇದೆ," ಎಂದು ಅಮ್ಮ ನಕ್ಕಳು. ಗುಡುಗಿಗೆ ನಗು ಬರಲಿಲ್ಲ. ಹೊಸ ಪೊಟ್ಟಣ ತಂದು ಮತ್ತೆ ಕೂತಳು.

ಅಕ್ಕನಿಗೆ ಮಾತ್ರ ಇದ್ಯಾವುದನ್ನೂ ಯಾರೂ ಹೇಳಿರಲಿಲ್ಲ.

ಅಕ್ಕ ಮದುವೆಯಾಗಿ ಎರಡು ಬೀದಿ ಆಚೆಗಿದ್ದಳು. ಬಸ್ ನಿಲ್ದಾಣದ ಎದುರು ಜೆರಾಕ್ಸ್ ಅಂಗಡಿ ನಡೆಸುತ್ತಿದ್ದಳು. ಕೆಲವು ವರ್ಷಗಳ ಹಿಂದೆ, ಬೇರೆ ಊರಿನಲ್ಲಿದ್ದಾಗ, ಅವಳಿಗೆ ದಿನ ತುಂಬುವ ಮೊದಲೇ ಒಂದು ಹೆಣ್ಣುಮಗು ಹುಟ್ಟಿತ್ತು. ಒಂದು ವಾರವೂ ಉಳಿಯಲಿಲ್ಲ. ಎಲ್ಲವನ್ನೂ ಕೂಗಿ ಹೇಳುವ ಆ ಮನೆಯಲ್ಲಿ ಅದೊಂದು ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಗುಡುಗಿಗೆ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ ಎಂಬುದಷ್ಟೇ ಅಕ್ಕನಿಗೆ ಗೊತ್ತಿತ್ತು. ಯಾವ ವಾರ್ಡು ಎಂದು ಅವಳು ಕೇಳಲಿಲ್ಲ, ಇವರು ಹೇಳಲಿಲ್ಲ.

ಒಂದು ಭಾನುವಾರ ಅಕ್ಕ ಬಂದವಳು ಮೇಲೆ ಹತ್ತುವ ಮೊದಲು ಅಂಗಡಿಯ ಹಿಂದಿನ ನಲ್ಲಿಯಲ್ಲಿ ಕಾಲು ತೊಳೆಯಲು ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲ. ಗುಡುಗು ಇಳಿದು ನೋಡಿದರೆ ಅಕ್ಕ ಬೆಂಚಿನ ಮುಂದೆ ನಿಂತಿದ್ದಾಳೆ. ಕೈಗಳೆರಡೂ ಬೆನ್ನ ಹಿಂದೆ. ಪ್ಲಾಸ್ಟಿಕ್ಕಿನಾಚೆ ಟೋಪಿ ಹಾಕಿಕೊಂಡ ಪೊಟ್ಟಣ.

"ಇದೇನಾ ನಿನ್ನ ಕೆಲಸ?" ಅಕ್ಕ ತಿರುಗದೆ ಕೇಳಿದಳು.

"ಅಕ್ಕ, ನಾನೇ ಹೇಳ್ಬೇಕು ಅಂತಿದ್ದೆ..."

"ಎಷ್ಟೊಂದು ವಾರ್ಡ್ ಇರುತ್ತೆ. ಮೂಳೆ ಮುರಿದೋರು, ಜ್ವರ ಬಂದೋರು, ವಯಸ್ಸಾದೋರು. ನಿಂಗೆ ಇದೇ ಬೇಕಾಯ್ತಾ?"

ಅವಳು ಮೇಲೆ ಬರಲಿಲ್ಲ. ಬಂದ ದಾರಿಯಲ್ಲೇ ಹೊರಟುಹೋದಳು. ಅಮ್ಮ ಕಿಟಕಿಯಿಂದ ಕೂಗಿದರೂ ತಿರುಗಿ ನೋಡಲಿಲ್ಲ.

ಕೆಲವು ದಿನ ಗುಡುಗು ಆ ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಫೋನು ಮಾಡಿದರೆ ಅಕ್ಕ ಎತ್ತುತ್ತಿರಲಿಲ್ಲ. ಕೊನೆಗೆ ಗುಡುಗು ಜೆರಾಕ್ಸ್ ಅಂಗಡಿಗೇ ಹೋಗಿ, ಗಿರಾಕಿಗಳ ನಡುವೆ ತೂರಿಕೊಂಡು ಕೌಂಟರಿನ ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತಳು. ಅಕ್ಕ ಅವಳತ್ತ ನೋಡದೆ ಯಂತ್ರಕ್ಕೆ ಕಾಗದ ತುಂಬಿದಳು.

"ನಿಂಗೆ ಬೇಡ ಅಂದ್ರೆ ಬೇರೆ ವಾರ್ಡ್ ಕೇಳ್ತೀನಿ ಅಕ್ಕ," ಎಂದಳು ಗುಡುಗು. ಈ ಸಲ ದನಿ ನಿಜಕ್ಕೂ ಸಣ್ಣದಾಗಿತ್ತು.

"ಎರಡೂ ಕಡೆ ಬೇಕಾ, ಒಂದೇ ಕಡೆನಾ?" ಅಕ್ಕ ಗಿರಾಕಿಯನ್ನು ಕೇಳಿದಳು. ಯಂತ್ರ ಓಡತೊಡಗಿತು. ಅದರ ಬೆಳಕು ಅವಳ ಮುಖದ ಮೇಲೆ ಹಾದು ಹೋಗಿ ಬಂತು.

"ನಾನು ಅಲ್ಲಿ ದಿನಾ ನಿಂತ್ಕೋತಿದ್ದೆ," ಎಂದಳು ಆಮೇಲೆ, ಕಾಗದ ಜೋಡಿಸುತ್ತ. "ಗಾಜಿನ ಹತ್ರ. ಹೊಲಿಗೆ ಇನ್ನೂ ಹಸಿ, ಕಾಲು ನಡುಗ್ತಿತ್ತು. ಕೂತ್ಕೊಳ್ಳಿ ಅಂತ ಯಾರೂ ಅನ್ಲಿಲ್ಲ. ಮಗುನ ಮುಟ್ಟಬಹುದು ಅಂತ ನಂಗೆ ಗೊತ್ತೇ ಇರ್ಲಿಲ್ಲ. ಯಾರೂ ಬೇಡ ಅಂದಿರ್ಲಿಲ್ಲ. ಮುಟ್ಟಿ ಅಂತಾನೂ ಅನ್ಲಿಲ್ಲ. ಅವ್ರಿಗೆ ಕೈ ತುಂಬ ಕೆಲಸ, ಪಾಪ. ನನ್ನಿಂದ ಏನಾದ್ರೂ ತಗುಲಿಬಿಟ್ರೆ ಅಂತ ನಾನೇ ಕೈ ಹಿಂದೆ ಕಟ್ಕೊಂಡು ನಿಲ್ತಿದ್ದೆ. ಜೀವ ಹೋದ ಮೇಲೆ ಕೈಗೆ ಕೊಟ್ರು."

"ಮೇಡಂ, ಇನ್ನೊಂದು ಕಾಪಿ," ಅಂದ ಗಿರಾಕಿ.

ಅಕ್ಕ ಇನ್ನೊಂದು ಕಾಪಿ ತೆಗೆದುಕೊಟ್ಟಳು, ಚಿಲ್ಲರೆ ಕೊಟ್ಟಳು. ಗುಡುಗು ಅಳುತ್ತಿದ್ದಳು. ಸದ್ದಿಲ್ಲದೆ ಅಳುವುದು ಅವಳಿಗೆ ಅದೇ ಮೊದಲು.

"ನಿಂಗೆ ಆ ಕೆಲಸ ಬಿಡು ಅಂತ ಹೇಳೋಕೆ ನಾನ್ಯಾರು?" ಅಂದಳು ಅಕ್ಕ. "ಆವತ್ತು ಆ ಪೊಟ್ಟಣ ನೋಡಿ ಎದೆ ಧಸಕ್ ಅಂತು, ಅಷ್ಟೇ. ಮೊದಲೇ ಹೇಳಿದ್ರೆ ತಡ್ಕೋತಿದ್ದೆ. ಮುಚ್ಚಿಟ್ರಲ್ಲ, ಅದಕ್ಕೇ ಕೋಪ ಬಂತು." ಮೂಗು ಒರೆಸಿಕೊಂಡು, ತಂಗಿಯ ಮುಂದಕ್ಕೆ ಒಂದು ಕಟ್ಟು ಕಾಗದ ತಳ್ಳಿದಳು. "ಬಂದಿದ್ದೀಯಲ್ಲ, ಕೂತ್ಕೊಂಡು ಇದಕ್ಕೆ ಪಿನ್ ಹೊಡಿ."

ಸಂಜೆವರೆಗೂ ಗುಡುಗು ಪಿನ್ ಹೊಡೆದಳು. ಹೊರಡುವಾಗ ಅಕ್ಕ, "ಇನ್ನೇನೇನು ಕಲಿಸ್ತಾರೆ ಅಲ್ಲಿ?" ಎಂದು ಕೇಳಿದಳು. ಅಕ್ಕ ಆ ವಿಷಯವನ್ನು ತಾನಾಗಿ ಕೇಳಿದ್ದು ಅದೇ ಮೊದಲು.

ಘಟಕದಲ್ಲಿ ಮೊದಲ ವಾರಗಳು ಇನ್‌ಚಾರ್ಜ್ ಸಿಸ್ಟರ್ ಪಕ್ಕದಲ್ಲೇ ಕಳೆದವು. ಅವಳೊಬ್ಬಳ ಕೈಗೆ ಯಾವ ಮಗುವನ್ನೂ ಬಿಡುತ್ತಿರಲಿಲ್ಲ. ಮಂದ ಬೆಳಕು, ಬೆಚ್ಚಗಿನ ಗಾಳಿ, ಯಂತ್ರಗಳ ಸಣ್ಣ ಸದ್ದು. ಗೋಡೆಯುದ್ದಕ್ಕೂ ಪೆಟ್ಟಿಗೆಗಳು. ಒಳಗೆ ಬೆರಳಿನಷ್ಟು ತೋಳು, ಉಗುರು ಇದೆಯೋ ಇಲ್ಲವೋ ಅನ್ನುವಂಥ ಪಾದ. ಸಕ್ಕರೆ ಪೊಟ್ಟಣದ ಜೊತೆ ಮಾಡಿದ ಅಭ್ಯಾಸ ಕೊಂಡಿ ಮುಚ್ಚುವುದಕ್ಕೆ ನೆರವಾಯಿತು. ಮಿಕ್ಕದ್ದಕ್ಕೆ ಅಷ್ಟಾಗಿ ಆಗಲಿಲ್ಲ. ಪೊಟ್ಟಣ ಉಸಿರಾಡುತ್ತಿರಲಿಲ್ಲ, ಮುಖ ಕಿವುಚುತ್ತಿರಲಿಲ್ಲ, ಮುಟ್ಟಿದರೆ ಬಣ್ಣ ಬದಲಿಸುತ್ತಿರಲಿಲ್ಲ.

"ಮೊದಲು ಮಗು ನೋಡು, ಆಮೇಲೆ ಯಂತ್ರ ನೋಡು," ಎನ್ನುತ್ತಿದ್ದಳು ಸಿಸ್ಟರ್. "ಯಂತ್ರದ ವೈರು ಜಾರುತ್ತೆ. ಮಗುವಿನ ಮುಖ ಜಾರಲ್ಲ."

ಕಿಟಕಿ ಪಕ್ಕದ ಪೆಟ್ಟಿಗೆಯಲ್ಲಿದ್ದ ಗಂಡುಮಗುವಿನ ತಾಯಿ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುವವಳು. ದಿನವೂ ಬರುತ್ತಿದ್ದಳು, ಪೆಟ್ಟಿಗೆಯಿಂದ ಒಂದು ಮಾರು ದೂರ ನಿಲ್ಲುತ್ತಿದ್ದಳು. ಮಗುವನ್ನು ನೋಡುತ್ತಿರಲಿಲ್ಲ, ಮೇಲಿನ ಮಾನಿಟರ್ ಪರದೆಯಲ್ಲಿ ಓಡುವ ಎದೆಬಡಿತ, ಆಮ್ಲಜನಕದ ಅಂಕಿಗಳನ್ನೇ ನೋಡುತ್ತಿದ್ದಳು. ಅಂಕಿ ಏರಿದರೆ ಉಸಿರು ಬಿಡುವುದು, ಇಳಿದರೆ ಬಿಗಿ ಹಿಡಿಯುವುದು. ಕೈಗಳೆರಡೂ ಬೆನ್ನ ಹಿಂದೆ.

ಆ ಕೈಗಳನ್ನು ನೋಡಿದ್ದೇ ಗುಡುಗಿಗೆ ಅಕ್ಕ ನೆನಪಾದಳು. ಸ್ಟೂಲು ಎಳೆದು ತಂದಳು. "ಟೀಚರ್, ಕೂತ್ಕೊಳ್ಳಿ. ಕೈ ತೊಳ್ಕೊಂಡು ಬಂದ್ರೆ ನಾನು ತೋರಿಸ್ತೀನಿ, ಮಗುನ ಮುಟ್ಟಬಹುದು."

"ಬೇಡ. ಈಗ ಬೇಡ."

"ಏನೂ ಆಗಲ್ಲ ಟೀಚರ್, ಬನ್ನಿ. ನೀವು ಮುಟ್ಟಿದ್ರೆ ಅವನಿಗೂ ಒಳ್ಳೇದು. ಆಮೇಲೆ ಮುಟ್ಟಲಿಲ್ಲವಲ್ಲ ಅಂತ ನಿಮಗೇ..."

ಟೀಚರು ಥಟ್ಟನೆ ಗುಡುಗಿನತ್ತ ತಿರುಗಿದಳು. "ಆಮೇಲೆ ಅಂದ್ರೆ? ಏನಾಗುತ್ತೆ ಆಮೇಲೆ? ಡಾಕ್ಟರ್ ನಿಮ್ಮ ಹತ್ರ ಏನಾದ್ರೂ ಹೇಳಿದ್ದಾರಾ?"

ಗುಡುಗು ಇಲ್ಲ, ಇಲ್ಲ ಎನ್ನುವಷ್ಟರಲ್ಲಿ ಟೀಚರು ಹೊರಗೆ ಹೋಗಿಬಿಟ್ಟಿದ್ದಳು. ಸಿಸ್ಟರ್ ಅವಳ ಹಿಂದೆ ಹೋಗಿ ಸಮಾಧಾನ ಮಾಡಿ ಬಂದು, ಗುಡುಗನ್ನು ಬಟ್ಟೆ ಬದಲಿಸುವ ಕೋಣೆಗೆ ಕರೆದಳು. ಬೈಯುವಾಗಲೂ ಅವಳ ದನಿ ಏರಲಿಲ್ಲ. ಅದು ಕೂಗಿದ್ದಕ್ಕಿಂತ ಹೆಚ್ಚು ನಾಟಿತು.

ಗುಡುಗು ಎಲ್ಲವನ್ನೂ ಹೇಳಿಬಿಟ್ಟಳು. ಅಕ್ಕ, ಗಾಜು, ಬೆನ್ನ ಹಿಂದಿನ ಕೈ.

ಸಿಸ್ಟರ್ ಕೇಳಿಸಿಕೊಂಡಳು. "ನಿಮ್ಮಕ್ಕನಿಗೆ ಆಗಿದ್ದು ಆಗಬಾರದಿತ್ತು. ಆದ್ರೆ ಇವಳು ನಿಮ್ಮಕ್ಕ ಅಲ್ಲ. ನಿಮ್ಮಕ್ಕನ್ನ ಯಾರೂ ಕರೀಲಿಲ್ಲ. ಇವಳನ್ನ ನೀನು ಎಳೆದೆ. ಮಗುವಿಗೆ ಹಾಲು ಕೊಡುವಾಗ ಸಿರಿಂಜು ಒತ್ತುತ್ತೀಯಾ?"

"ಇಲ್ಲ."

"ಅಮ್ಮಂದಿರನ್ನೂ ಒತ್ತಬಾರದು. ಸ್ಟೂಲು ಅಲ್ಲೇ ಇರಲಿ. ನೀನೂ ಅಲ್ಲೇ ಇರು."

ಮರುದಿನ ಗುಡುಗು ಟೀಚರ ಬಳಿ ಹೋಗಿ, "ನಿನ್ನೆ ನಾನು ಆತುರ ಮಾಡ್ದೆ, ತಪ್ಪಾಯ್ತು. ಡಾಕ್ಟರ್ ನನ್ನ ಹತ್ರ ಏನೂ ಹೇಳಿಲ್ಲ," ಎಂದಳು. ಟೀಚರು ತಲೆಯಾಡಿಸಿದಳು, ಅಷ್ಟೇ. ಗುಡುಗು ಸ್ಟೂಲನ್ನು ಪೆಟ್ಟಿಗೆಯ ಪಕ್ಕದಲ್ಲೇ ಬಿಟ್ಟು ಕೆಲಸಕ್ಕೆ ತೊಡಗಿದಳು. ಮಾಡುವುದನ್ನೆಲ್ಲ ಮೆಲ್ಲಗೆ ಮಗುವಿಗೇ ಹೇಳುತ್ತ ಮಾಡಿದಳು. "ಈಗ ಲಂಗೋಟಿ ಬದಲಿಸೋಣ ರಾಜ. ಕಾಲು ಕೊಡಪ್ಪ. ಈಗ ಒಂದು ಕೈ ತಲೆ ಮೇಲೆ, ಒಂದು ಕೈ ಪಾದಕ್ಕೆ. ಸವರೋದು ನಿಂಗೆ ಇಷ್ಟ ಇಲ್ಲ ಅಲ್ವಾ, ಸುಮ್ನೆ ಹಿಡ್ಕೊಂಡಿರ್ತೀನಿ." ಟೀಚರು ಪರದೆ ನೋಡುತ್ತಲೇ ಇದ್ದಳು. ಹೀಗೆ ಹಲವು ದಿನ ಹೋದವು. ಯಾವಾಗಲೋ ಒಂದು ದಿನ ಅವಳು ಸ್ಟೂಲಿನ ಮೇಲೆ ಕೂತಿರುವುದನ್ನು ಗುಡುಗು ಗಮನಿಸಿದಳು. ಗಮನಿಸದಂತೆ ಇದ್ದಳು.

ಒಂದು ಮಧ್ಯಾಹ್ನ ಪರದೆಯ ಅಲಾರಂ ಕೂಗಿಕೊಂಡಿತು. ಟೀಚರು ಧಿಗ್ಗನೆ ಎದ್ದಳು. ಅಂಕಿಗಳು ಮೆಟ್ಟಿಲಿಳಿದಂತೆ ಇಳಿಯುತ್ತಿದ್ದವು. ಸಿಸ್ಟರ್ ಎರಡು ಹೆಜ್ಜೆ ಹಿಂದಿದ್ದಳು, ಮುಂದೆ ಬರಲಿಲ್ಲ. ಗುಡುಗು ಮಗುವನ್ನು ನೋಡಿದಳು. ಎದೆ ನಿಂತಿದೆ. ತುಟಿಯ ಸುತ್ತ ನೀಲಿ ಇಣುಕುತ್ತಿದೆ. ಉಸಿರಾಡುವುದನ್ನು ಮರೆತಿದ್ದಾನೆ, ಇಷ್ಟು ಚಿಕ್ಕವರು ಮರೆಯುತ್ತಾರೆ. ಕೊಂಡಿ ಒತ್ತಿ, ಕಿಂಡಿ ತೆರೆದು, ಎರಡು ಬೆರಳನ್ನು ಅವನ ಬೆನ್ನಿಗೆ ಕೊಟ್ಟು ಮೆಲ್ಲಗೆ ಉಜ್ಜಿದಳು. "ಏಳು ರಾಜ. ಉಸಿರು ತಗೋ." ಏನೂ ಇಲ್ಲ. ಮತ್ತೆ ಉಜ್ಜಿದಳು. ಪುಟ್ಟ ಬೆನ್ನು ಒಮ್ಮೆ ಸೆಟೆಯಿತು, ಬಾಯಿ ತೆರೆಯಿತು, ಎದೆ ಎದ್ದಿತು. ಮತ್ತೊಮ್ಮೆ ಎದ್ದಿತು. ಪರದೆಯ ಕೂಗು ತಾನಾಗಿ ನಿಂತಿತು.

ಗುಡುಗು ಇನ್ನೂ ಕೆಲವು ಉಸಿರು ಎಣಿಸಿ ಕೈ ಹೊರಗೆ ತೆಗೆದಳು. ಸಿಸ್ಟರ್ ಹತ್ತಿರ ಬಂದು ಮಗುವನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಸರಿಯಾಗಿ ಮಾಡಿದೆ. ಡಾಕ್ಟರಿಗೆ ಹೇಳಿ ಬರ್ತೀನಿ," ಎಂದು ಹೋದಳು.

"ನೀವು ಅಂಕಿ ನೋಡ್ಲೇ ಇಲ್ಲ," ಎಂದಳು ಟೀಚರು.

"ಇವನನ್ನ ನೋಡ್ತಿದ್ದೆ ಟೀಚರ್. ಅಂಕಿಗಿಂತ ಮೊದಲು ಇವನೇ ಹೇಳ್ತಾನೆ."

ಟೀಚರು ಬಗ್ಗಿ, ಗಾಜಿಗೆ ಮುಖ ತಂದು, ಮಗುವನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಮೂಗಿನ ಮೇಲಿನ ಕೊಳವೆ, ಅದರ ಕೆಳಗೆ ಚೂಪು ಗದ್ದ, ಕಿವಿಯ ಮೇಲೆ ಮಲಗಿದ ನವಿರು ಕೂದಲು. "ಇವನ ಗದ್ದ ಥೇಟ್ ನಮ್ಮ ಮಾವನದು," ಎಂದಳು. ಅಳುವೋ ನಗುವೋ ತಿಳಿಯದಂತೆ, "ಪಾಪ, ಅವರದೇ ಬಂದಿದೆ," ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಟೋಪಿ ಓರೆಯಾಗಿದೆ. ಸರಿ ಮಾಡ್ತೀರಾ?"

ಗುಡುಗಿನ ಕೈ ಕಿಂಡಿಯ ಹತ್ತಿರವೇ ಇತ್ತು. ಅವಳು ಅದನ್ನು ಹಿಂದಕ್ಕೆ ತೆಗೆದುಕೊಂಡಳು. ಹೆಚ್ಚೇನೂ ಹೇಳಲಿಲ್ಲ. "ನೀವೇ ಮಾಡಬಹುದು," ಎಂದಳು, ಕಾದಳು.

ಟೀಚರು ಎದ್ದು ನಲ್ಲಿಯ ಹತ್ತಿರ ಹೋದಳು. ಮೊಣಕೈವರೆಗೆ ಸೋಪು ಹಚ್ಚಿ ತೊಳೆದಳು, ಒರೆಸಿಕೊಂಡಳು, ಮತ್ತೊಮ್ಮೆ ತೊಳೆದಳು. ಬಂದು ಕಿಂಡಿಯಲ್ಲಿ ಕೈ ತೂರಿಸಿ, ಉಸಿರು ಬಿಗಿಹಿಡಿದು, ಎರಡು ಬೆರಳಲ್ಲಿ ಟೋಪಿಯನ್ನು ಸರಿಮಾಡಿದಳು. ಕೆಲಸ ಮುಗಿಯಿತು. ಕೈ ಮಾತ್ರ ಹೊರಗೆ ಬರಲಿಲ್ಲ. ಅಂಗೈ ಅವನ ತಲೆಯ ಮೇಲೆ ಹಾಗೇ ನಿಂತಿತು. ಇನ್ನೊಂದು ಕೈ ತಾನಾಗಿ ಹೋಗಿ ಪಾದಗಳನ್ನು ಹಿಡಿಯಿತು, ಇಷ್ಟು ದಿನ ನೋಡದಂತೆ ನೋಡಿ ಕಲಿತ ಹಾಗೆ. ಮಗು ಮುಖ ಕಿವುಚಿ, ಮತ್ತೆ ಸಡಿಲಿಸಿ, ನಿದ್ದೆ ಹೋಯಿತು. ಅವನ ತಾಯಿ ಒಮ್ಮೆಯೂ ತಲೆಯೆತ್ತಿ ಪರದೆ ನೋಡಲಿಲ್ಲ.

ಅದಾಗಿ ಕೆಲವೇ ದಿನಗಳಿಗೆ ಸಿಸ್ಟರ್ ಗುಡುಗನ್ನು ಕರೆದು, "ಸೋಮವಾರದಿಂದ ನಿನ್ನ ಹಿಂದೆ ನಾನು ನಿಲ್ಲಲ್ಲ. ಬೇಕಾದ್ರೆ ಕೂಗು," ಎಂದಳು. ತಕ್ಷಣ, "ಕೂಗಬೇಡ, ಕರಿ," ಎಂದು ತಿದ್ದಿಕೊಂಡಳು.

ಸೋಮವಾರ ಬೆಳಿಗ್ಗೆ ಅಕ್ಕ ಸ್ಕೂಟರಿನಲ್ಲಿ ಬಂದು ತಗಡಿನ ಅಂಗಡಿಯ ಮುಂದೆ ಹಾರನ್ ಮಾಡಿದಳು. ತಾನೇ ಬಿಡುತ್ತೇನೆಂದು ಹಿಂದಿನ ದಿನವೇ ಹೇಳಿದ್ದಳು. ದಾರಿಯುದ್ದಕ್ಕೂ ಅಂಗಡಿಗೆ ಬರುವ ಗಿರಾಕಿಗಳ ಕಥೆ ಹೇಳಿದಳು, ಆಸ್ಪತ್ರೆಯ ಮಾತು ಎತ್ತಲಿಲ್ಲ. ಗೇಟಿನ ಹತ್ತಿರ ಇಳಿಸಿ ತಂಗಿಯ ಕಾಲರು ಸರಿಮಾಡಿದಳು. ತಲೆಯೆತ್ತಿ ಕಟ್ಟಡದ ಕಿಟಕಿಗಳನ್ನು ನೋಡಿ, "ಯಾವುದು?" ಎಂದು ಕೇಳಿದಳು.

"ಮೂರನೇ ಮಹಡಿ. ಬಿಳಿ ಪರದೆ ಇದೆಯಲ್ಲ, ಅದು."

ಅಕ್ಕ ಸ್ವಲ್ಪ ಹೊತ್ತು ಅಲ್ಲಿಗೇ ನೋಡಿದಳು. "ಬೆಳಕು ಚೆನ್ನಾಗಿ ಬರುತ್ತೆ," ಎಂದಳು. "ಹೋಗು, ಹೊತ್ತಾಗುತ್ತೆ."

ಮೇಲೆ ಅಂದು ಪೆಟ್ಟಿಗೆಗಳೆಲ್ಲ ತುಂಬಿದ್ದವು, ಒಂದರ ಹೊರತು. ಗುಡುಗು ರಾತ್ರಿ ಪಾಳಿಯವರಿಂದ ಮಕ್ಕಳ ವಿಷಯ ಕೇಳಿಕೊಳ್ಳುತ್ತಿರುವಾಗಲೇ ಹೆರಿಗೆ ಕೋಣೆಯಿಂದ ಫೋನು ಬಂತು: ಒಂದು ಹೆಣ್ಣುಮಗು ಬರುತ್ತಿದೆ, ಬೇಗ ಹುಟ್ಟಿದೆ, ಅಳುತ್ತಿದೆ. ಸಿಸ್ಟರ್ ಫೋನಿಟ್ಟು ಗುಡುಗಿನತ್ತ ನೋಡಿದಳು. ಗುಡುಗು ಆಗಲೇ ಖಾಲಿ ಪೆಟ್ಟಿಗೆಯ ಬಿಸಿ ಹೆಚ್ಚಿಸಿ, ಬಟ್ಟೆ ಬೆಚ್ಚಗಿದೆಯೇ ಎಂದು ಕೈಯಿಂದ ನೋಡಿ, ನಲ್ಲಿಯತ್ತ ನಡೆದಿದ್ದಳು.

ಬಾಗಿಲು ತೆರೆದುಕೊಂಡಿತು. ಅವಳು ಒರೆಸಿದ ಕೈಗಳನ್ನು ಮುಂದೆ ಚಾಚಿದಳು.